ಗಣರಾಜ್ಯ ಹೌದೋ ಅಲ್ಲವೋ? ಕುರ್ಚಿ ನೋಡಿ ಹೇಳಿ

ಧಾರವಾಡದ ಸಪ್ತಾಪುರದಲ್ಲಿ ಪಿಎಸ್‌ಐ, ಕೆಎಎಸ್‌ಗೆ ಓದುವವರಿಗೆ ನಾನು ಸಂವಿಧಾನದ ಪಾಠ ಮಾಡುತ್ತೇನೆ. ಪ್ರತಿ ಬ್ಯಾಚ್‌ನಲ್ಲೂ ಯಾರಾದರೊಬ್ಬರು ಕೇಳುತ್ತಾರೆ: "ಸರ್, ಇಂಗ್ಲೆಂಡ್‌ನಾಗೂ ಎಲೆಕ್ಷನ್ ಆಗ್ತಾವಲ್ರೀ, ಮತ್ತ ಅದ್ಯಾಕ ಗಣರಾಜ್ಯ ಅಲ್ಲ?" ಗೈಡ್ ನೋಡಿ ವ್ಯಾಖ್ಯೆ ಬಾಯಿಪಾಠ ಮಾಡಿದವರೇ ಇಲ್ಲಿ ಜಾಸ್ತಿ ಎಡವುತ್ತಾರೆ.

ಮೊದಲು ಪ್ರಧಾನಿ, ಪಕ್ಷ, ಸಂಸತ್ತು ಎಲ್ಲವನ್ನೂ ಬದಿಗಿಡಿ. ದೇಶದ ಮುಖ್ಯಸ್ಥರು ಯಾರು ಅಂತ ಹುಡುಕಿ. ನಮ್ಮಲ್ಲಿ ರಾಷ್ಟ್ರಪತಿ, ಬ್ರಿಟನ್ನಿನಲ್ಲಿ ರಾಜ. ಆಮೇಲೆ ಕೇಳಬೇಕಾದ್ದು ಇಷ್ಟೇ: ಆ ಕುರ್ಚಿ ನಾಳೆ ಖಾಲಿಯಾದರೆ ಯಾರು ಕೂರುತ್ತಾರೆ, ಯಾವ ಆಧಾರದ ಮೇಲೆ? ವಂಶದ ಆಧಾರದ ಮೇಲಾದರೆ ಅದು ಗಣರಾಜ್ಯ ಅಲ್ಲ.

ಈ ಪ್ರಶ್ನೆ ಎಷ್ಟು ದುಬಾರಿಯಾಗಬಹುದು ಅನ್ನುವುದಕ್ಕೆ ನಮ್ಮ ನರಗುಂದವೇ ಸಾಕ್ಷಿ. ಅಲ್ಲಿನ ಸಂಸ್ಥಾನಿಕ ಬಾಬಾಸಾಹೇಬರಿಗೆ ವಾರಸುದಾರ ಇರಲಿಲ್ಲ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರದ ಒಪ್ಪಿಗೆ ಕೇಳಿದರು, ಸಿಗಲಿಲ್ಲ. 1858ರಲ್ಲಿ ದಂಗೆ ಎದ್ದರು. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಉರುಳಿತು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ದಂಗೆಗೆ ಬೇರೆ ಕಾರಣಗಳೂ ಇದ್ದವು, ಅದು ಇತಿಹಾಸದ ಪೇಪರಿಗೆ ಬಿಡಿ. ಆದರೆ ಒಂದು ಮನೆಯಲ್ಲಿ ಮಗ ಇಲ್ಲ ಅಂತ ಇಡೀ ಸಂಸ್ಥಾನವೇ ತೂಗುಯ್ಯಾಲೆ ಆಡಿತು, ಅಲ್ವಾ?

ಈಗ 1977ಕ್ಕೆ ಬನ್ನಿ. ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಅವರ ಮಕ್ಕಳು ಯಾರು ಅಂತ ಯಾರೂ ವಿಚಾರಿಸಲಿಲ್ಲ. 65ನೇ ವಿಧಿಯಂತೆ ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಹಂಗಾಮಿಯಾಗಿ ಕೂತರು. ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ಆಯ್ಕೆಯಾಗಿ ಬಂದರು. ಅಷ್ಟೇ. ಜತ್ತಿಯವರು ಹುಟ್ಟಿದ್ದು ಜಮಖಂಡಿ ಸಂಸ್ಥಾನದ ಪ್ರಜೆಯಾಗಿ ಅನ್ನುವುದನ್ನು ಮಾತ್ರ ನಾನು ಕ್ಲಾಸಿನಲ್ಲಿ ಎರಡು ಸಲ ಹೇಳುತ್ತೇನೆ.

"ರಾಷ್ಟ್ರಪತಿಗೆ ನಾವು ಓಟೇ ಹಾಕಂಗಿಲ್ಲಲ್ರೀ" ಅನ್ನುವವರು ಇರುತ್ತಾರೆ. ನೇರವಾಗಿ ಹಾಕಬೇಕು ಅಂತೇನಿಲ್ಲ. ನಾವು ಆರಿಸಿದ ಎಂಪಿ, ಎಂಎಲ್‌ಎಗಳು ಹಾಕುತ್ತಾರೆ, ಸಾಕು.

ಎರಡನೇ ಪರೀಕ್ಷೆ: ಆ ಕುರ್ಚಿಗೆ ಯಾರು ನಿಲ್ಲಬಹುದು? ಇದನ್ನು ಬಿಟ್ಟರೆ ಮಲೇಷ್ಯಾ ಕೈಕೊಡುತ್ತದೆ. ಅಲ್ಲಿನ ರಾಜನಿಗೆ ಐದು ವರ್ಷದ ಅವಧಿ, ಆಯ್ಕೆಯೂ ಆಗುತ್ತದೆ. ಆದರೆ ಆರಿಸುವವರೂ ಆಗುವವರೂ ಒಂಬತ್ತು ರಾಜಮನೆತನಗಳವರೇ. ಹಾಗಾಗಿ ಅದು ಗಣರಾಜ್ಯ ಅಲ್ಲ. ನಮ್ಮ 58ನೇ ವಿಧಿ ಕೇಳುವುದು ಪೌರತ್ವ, 35 ವರ್ಷ ವಯಸ್ಸು, ಲೋಕಸಭೆಗೆ ನಿಲ್ಲುವ ಅರ್ಹತೆ ಇಂಥವನ್ನು. ಮನೆತನ ಕೇಳುವುದಿಲ್ಲ. 1997ರಲ್ಲಿ ಒಡಿಶಾದ ರಾಯರಂಗಪುರದಲ್ಲಿ ಕೌನ್ಸಿಲರ್ ಆಗಿದ್ದ ದ್ರೌಪದಿ ಮುರ್ಮು 2022ರಲ್ಲಿ ರಾಷ್ಟ್ರಪತಿ ಆದರು.

ಬೋರ್ಡು ನೋಡಿ ಮೋಸ ಹೋಗಬೇಡಿ. ಉತ್ತರ ಕೊರಿಯಾದ ಹೆಸರಿನಲ್ಲಿ ಗಣರಾಜ್ಯವೂ ಇದೆ, ಪ್ರಜಾಪ್ರಭುತ್ವವೂ ಇದೆ. ಅಧಿಕಾರ ಮಾತ್ರ ಅಜ್ಜ, ಅಪ್ಪ, ಮೊಮ್ಮಗನ ಕೈಯಲ್ಲೇ ಸುತ್ತಿದೆ. ಅತ್ತ ನಾರ್ವೆ, ಜಪಾನ್‌ನಲ್ಲಿ ಚುನಾವಣೆ ಚೆನ್ನಾಗಿಯೇ ನಡೆಯುತ್ತದೆ, ಆದರೆ ಮುಖ್ಯಸ್ಥನ ಪಟ್ಟ ವಂಶದ್ದು. ಪ್ರಜಾಪ್ರಭುತ್ವ, ಗಣರಾಜ್ಯ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಇಸವಿ ನೋಡದೆ ಉತ್ತರ ಗುರುತು ಮಾಡಲೇಬೇಡಿ. 1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾಯಿತು, ಗಣರಾಜ್ಯ ಆಗಲಿಲ್ಲ. 1950ರ ಜನವರಿ 26ರವರೆಗೆ ಕಾಗದದ ಮೇಲೆ ಆರನೇ ಜಾರ್ಜ್ ನಮಗೂ ರಾಜನೇ. ಸವಣೂರಿನ ಹುಡುಗರಿಗೆ ಇದು ಬೇಗ ಹೊಳೆಯುತ್ತದೆ. ಅವರ ಮುತ್ತಜ್ಜಂದಿರು 1948ರ ತನಕ ನವಾಬರ ಪ್ರಜೆಗಳು.

ಅಭ್ಯಾಸಕ್ಕೆ ಬಾರ್ಬಡೋಸ್ ತೆಗೆದುಕೊಳ್ಳಿ. ಸಾಂಡ್ರಾ ಮೇಸನ್ ಅಲ್ಲಿ ಬ್ರಿಟನ್ ರಾಣಿಯ ಪರವಾಗಿ ಗವರ್ನರ್ ಜನರಲ್ ಆಗಿದ್ದರು. ಸಂಸತ್ತು ಅವರನ್ನೇ ಅಧ್ಯಕ್ಷೆಯಾಗಿ ಆರಿಸಿತು. 2021ರ ನವೆಂಬರ್ 30ರಂದು ಅವರು ಪ್ರಮಾಣ ವಚನ ತೆಗೆದುಕೊಂಡರು. ಕೂತವರು ಅವರೇ. ಹಾಗಾದರೆ ಅವತ್ತು ಬದಲಾಗಿದ್ದು ಏನು? ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ, ನಾಳೆ ಕ್ಲಾಸಿನಲ್ಲಿ ನೋಡೋಣ.