ಸಾಮಾನ್ಯ ಸೀಟಿಗೂ ಹೆಣ್ಣುಮಗಳನ್ನೇ ನಿಲ್ಲಿಸಿ: ಪಂಚಾಯಿತಿ ಚುನಾವಣೆಗೆ ತಯಾರಿ ಹೀಗಿರಲಿ

224 ಸ್ಥಾನಗಳ ನಮ್ಮ ವಿಧಾನಸಭೆಗೆ 2023ರಲ್ಲಿ ಗೆದ್ದು ಬಂದ ಮಹಿಳೆಯರು ಬರೀ 10. ಅದೇ ಗ್ರಾಮ ಪಂಚಾಯಿತಿಯಲ್ಲಿ ಅರ್ಧದಷ್ಟು ಸೀಟು ಹೆಂಗಸರದೇ. ವ್ಯತ್ಯಾಸ ಮೀಸಲಾತಿಯದು. ವಿಧಾನಸಭೆಗೂ ಮೂರನೇ ಒಂದು ಭಾಗ ಕೊಡುವ ಕಾಯ್ದೆ 2023ರಲ್ಲೇ ಪಾಸಾಯಿತು. ಆದರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೇ ಜಾರಿ ಎಂಬ ಷರತ್ತು ಅದರಲ್ಲಿದೆ. ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ, ಟಿಕೆಟಿಗಾಗಿ ಯಾರ ಮನೆ ಬಾಗಿಲೂ ಕಾಯಬೇಕಿಲ್ಲ.

ಮೊದಲ ಕೆಲಸ, ಅಭ್ಯರ್ಥಿಯನ್ನು ಬೇಗ ಗುರುತಿಸುವುದು. ಮೀಸಲಾತಿ ಪಟ್ಟಿ ಬಂದ ಮೇಲೆ ಹುಡುಕಲು ಹೊರಟರೆ ಯಾರದೋ ಹೆಂಡತಿ, ಯಾರದೋ ಸೊಸೆಯ ಹೆಸರೇ ಮುಂದೆ ಬರುತ್ತದೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು, ವಾರ್ಡ್ ಸಭೆಯಲ್ಲಿ ನೀರಿನ ವಿಷಯಕ್ಕೆ ಎದ್ದು ನಿಂತು ಕೇಳುವವರು ನಿಮ್ಮ ಊರಲ್ಲೂ ಇದ್ದಾರೆ, ಅಲ್ವಾ? ಅವರನ್ನೇ ಕೇಳಿ. ವಯಸ್ಸು 21 ತುಂಬಿದ್ದರೆ ಸಾಕು.

ಆಮೇಲೆ ಕಾಗದಪತ್ರ. ಹೆಣ್ಣುಮಕ್ಕಳು ಜಾಸ್ತಿ ತೊಡಕಿಗೆ ಸಿಕ್ಕುವುದು ಇಲ್ಲೇ. ಮದುವೆಯಾಗಿ ಬಂದವರ ಹೆಸರು ಇನ್ನೂ ತವರಿನ ಮತದಾರರ ಪಟ್ಟಿಯಲ್ಲೇ ಇರಬಹುದು. ನಮೂನೆ 8 ತುಂಬಿ ಈ ಊರಿಗೆ ವರ್ಗಾಯಿಸಿಕೊಳ್ಳಿ. ಮೀಸಲು ಸೀಟಿಗೆ ಜಾತಿ ಪ್ರಮಾಣಪತ್ರ ಬೇಕಾದರೆ ಲೆಕ್ಕಕ್ಕೆ ಬರುವುದು ತಂದೆಯ ಜಾತಿ, ಗಂಡನದಲ್ಲ. ಅದಕ್ಕೆ ತಂದೆಯ ಕಡೆಯ ದಾಖಲೆ ಬೇಕು, ನಾಡಕಚೇರಿಗೆ ಮೊದಲೇ ಅರ್ಜಿ ಹಾಕಿ. ಪಟ್ಟಿಯಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಿ’ ಎಂದಿದ್ದರೆ ಈಗಲೇ ಸರಿಪಡಿಸಿ. ಮನೆ ಕಂದಾಯ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಇನ್ನು ಯಾವ ಸೀಟಿಗೆ ನಿಲ್ಲಿಸುವುದು? ‘ಸಾಮಾನ್ಯ’ ಎಂದಿದ್ದರೆ ಅದು ಗಂಡಸರ ಸೀಟು ಎಂದೇ ಊರವರು ತಿಳಿದಿರುತ್ತಾರೆ. ಕಾನೂನಿನಲ್ಲಿ ಹಾಗೇನೂ ಇಲ್ಲ. 1987ರಲ್ಲಿ ನಮ್ಮ ರಾಜ್ಯದ ಮಂಡಲ ಪಂಚಾಯಿತಿಗಳಲ್ಲಿ (ಈಗಿನ ಗ್ರಾಮ ಪಂಚಾಯಿತಿಗೂ ಮೊದಲಿದ್ದವು) ಮಹಿಳೆಯರಿಗೆ ಸಿಕ್ಕಿದ್ದು ಶೇ 25. ಅದು ಅರ್ಧಕ್ಕೆ ಬಂದದ್ದು ಕಾನೂನಿನಿಂದ. ಅರ್ಧ ದಾಟಬೇಕೆಂದರೆ ಸಾಮಾನ್ಯ ಸೀಟಿಗೂ ನಿಲ್ಲಲೇಬೇಕು. ಕಳೆದ ಸಲ ಮಹಿಳಾ ಮೀಸಲಿನಲ್ಲಿ ಗೆದ್ದು ಕೆಲಸ ಮಾಡಿ ತೋರಿಸಿದವರು, ಮೀಸಲಾತಿ ಬದಲಾಯಿತೆಂದು ಮನೆಗೆ ಹೋಗುವುದು ಊರಿಗೇ ನಷ್ಟ. ಸಾಮಾನ್ಯ ಸೀಟಿಗೆ ಮೊದಲು ಅವರ ಹೆಸರನ್ನೇ ಹೇಳಿ.

ಪ್ರಚಾರದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ವಾರ್ಡಿನಲ್ಲಿ ಮೂರು ಸೀಟಿದ್ದರೆ ಒಬ್ಬೊಬ್ಬ ಮತದಾರರಿಗೂ ಮೂರು ಮತ. ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮುದ್ರೆ. ಒಂದು ಮತ ಮನೆಯವರು ಹೇಳಿದವರಿಗೇ ಹೋದರೂ, ಉಳಿದ ಮತ ಕೇಳುವ ದಾರಿ ತೆರೆದೇ ಇರುತ್ತದೆ.

ಗೆದ್ದ ಮೇಲೆ ಸಭೆಗೆ ಅವರೇ ಹೋಗಬೇಕು, ಕುರ್ಚಿಯಲ್ಲಿ ಅವರೇ ಕೂರಬೇಕು. ಗಂಡ ಬಂದು ಕೂತರೆ ಎದ್ದೇಳಿಸುವ ಧೈರ್ಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಇರಲಿ, ಸಂಘದವರಿಗೂ ಇರಲಿ. ಮೊದಲ ಕೆಲವು ಸಭೆಗಳಿಗೆ ಸಂಘದ ಇಬ್ಬರು ಪಂಚಾಯಿತಿ ಕಚೇರಿವರೆಗೆ ಜೊತೆಗೆ ಹೋಗಿ. ನಡಾವಳಿ ಪುಸ್ತಕಕ್ಕೆ ಓದಿಯೇ ಸಹಿ ಹಾಕಲಿ. ಓದಲು ಬಾರದಿದ್ದರೆ ಸಭೆಯಲ್ಲೇ ಗಟ್ಟಿಯಾಗಿ ಓದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಲಿ.