ಹವಳದ ದಿಬ್ಬ ನೋಡಲು ಹೊರಡುವ ಮುನ್ನ ನೀರಲ್ಲಿ ನಿಲ್ಲಲು ಕಲಿಯಿರಿ

ಉಷ್ಣವಲಯದ ಕಡಲಿನಲ್ಲಿ ಸ್ಕೂಬಾ ಡೈವಿಂಗ್ ಮಾಡಿ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು, ಹವಳದ ದಿಬ್ಬಗಳನ್ನು ನೋಡಲೆಂದು ಹೊರಡುವವರು ದೋಣಿ, ಕೊಠಡಿ, ಕ್ಯಾಮೆರಾಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಆದರೆ ನೀರಿನೊಳಗೆ ಮೇಲೇಳದೆ, ಕೆಳಗಿಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಅಲ್ಲಿಗೆ ಹೋದ ಮೇಲೆ ಕಲಿತರಾಯಿತು ಎಂದು ಬಿಟ್ಟುಬಿಡುತ್ತಾರೆ. ಇದರ ಪರಿಣಾಮವನ್ನು ನಾನು ಹಲವು ಸಲ ಕಣ್ಣಾರೆ ಕಂಡಿದ್ದೇನೆ. ಒಮ್ಮೆ, ಮುಳುಗಲು ನೆರವಾಗುವ ಸೀಸದ ತೂಕವನ್ನು ಸೊಂಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಕಟ್ಟಿಕೊಂಡಿದ್ದ ಒಬ್ಬರು ಮುಳುಗಬಾರದೆಂದು, ತೇಲುವಿಕೆಯನ್ನು ಹೊಂದಿಸಲು ತೊಡುವ ಜಾಕೆಟ್ಟಿಗೆ ಗಾಳಿ ತುಂಬುತ್ತ, ನಿಂತ ಭಂಗಿಯಲ್ಲೇ ಕಾಲು ಬಡಿಯುತ್ತಿದ್ದರು. ಅವರು ಪಾದಕ್ಕೆ ತೊಟ್ಟಿದ್ದ ಈಜುರೆಕ್ಕೆಯ (ಫಿನ್) ತುದಿ ತಗುಲಿ, ಜಿಂಕೆಯ ಕೊಂಬಿನಂತೆ ಕವಲೊಡೆದಿದ್ದ ಹವಳದ ಒಂದು ಟೊಂಗೆ ಮುರಿದು, ಅದರ ಬಿಳಿಯ ಒಳಭಾಗ ಕಾಣುವಂತೆ ಮರಳಿನ ಮೇಲೆ ಬಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಇಂತಹ ಕವಲು ಹವಳ ವರ್ಷಕ್ಕೆ 10ರಿಂದ 20 ಸೆಂಟಿಮೀಟರ್ ಬೆಳೆಯಬಲ್ಲದು. ಆದರೆ ಗುಂಡು ಬಂಡೆಯಂತೆ ಬೆಳೆಯುವ ಹವಳ ಸೇರಿಸಿಕೊಳ್ಳುವುದು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಮಾತ್ರ.

ಮೊದಲ ಹಂತ ತರಬೇತಿ. ಆರಂಭಿಕ ಕೋರ್ಸಿನಲ್ಲಿ ಪಾಠ, ಈಜುಕೊಳದ ಅಭ್ಯಾಸ ಮತ್ತು ತೆರೆದ ನೀರಿನಲ್ಲಿ ನಾಲ್ಕು ಡೈವ್‌ಗಳಿರುತ್ತವೆ. ಅದನ್ನು ಮುಗಿಸಿದವರಿಗೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ ಸಿಗುತ್ತದೆ. ಬಣ್ಣಗಳು ಸೊಗಸಾಗಿ ಕಾಣುವುದು ಬೆಳಕು ಚೆನ್ನಾಗಿರುವ ಕಡಿಮೆ ಆಳದಲ್ಲೇ ಆದ್ದರಿಂದ ಹವಳ ನೋಡಲು ಇಷ್ಟು ಧಾರಾಳವಾಗಿ ಸಾಕು. ಪಾಠ ಮತ್ತು ಕೊಳದ ಭಾಗವನ್ನು ಪ್ರವಾಸಕ್ಕೆ ಮೊದಲೇ ಮುಗಿಸಿಕೊಳ್ಳಿ. ಆರೋಗ್ಯದ ಪ್ರಶ್ನಾವಳಿಯಲ್ಲಿ ಆಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಯಾವುದನ್ನೂ ಮುಚ್ಚಿಡಬೇಡಿ.

ಸಲಕರಣೆಗಳಲ್ಲಿ ಸ್ವಂತಕ್ಕೆ ಕೊಳ್ಳಬೇಕಾದದ್ದು ಮಾಸ್ಕ್ ಒಂದೇ. ಉಳಿದದ್ದನ್ನು ಬಾಡಿಗೆಗೆ ಪಡೆಯಿರಿ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಅದು ಕೈಬಿಟ್ಟರೂ ಅಂಟಿಕೊಂಡಿದ್ದರೆ ನಿಮ್ಮ ಅಳತೆಯದು. ಇಡೀ ಮುಖವನ್ನು ಮುಚ್ಚುವ ಸ್ನಾರ್ಕೆಲ್ ಮಾಸ್ಕುಗಳು ನೀರಿನ ಮೇಲ್ಮೈಗಷ್ಟೇ ಸರಿ. ಅವುಗಳನ್ನು ತೊಟ್ಟು ಆಳಕ್ಕೆ ಇಳಿಯಬಾರದು. ಬಿಸಿಲಿಗೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೆ ‘ಹವಳಕ್ಕೆ ಸುರಕ್ಷಿತ’ ಎಂದಿರುವುದನ್ನು ನಂಬಬೇಡಿ, ಹಿಂಬದಿಯ ಪಟ್ಟಿಯನ್ನು ಓದಿ. ಆಕ್ಸಿಬೆನ್ಝೋನ್ ಎಂಬ ರಾಸಾಯನಿಕ ಇರುವ ಕ್ರೀಮುಗಳನ್ನು ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರವಾದ ಪಲಾವು 2020ರಲ್ಲಿ ನಿಷೇಧಿಸಿತು. ಕ್ರೀಮಿಗಿಂತ ತುಂಬುತೋಳಿನ ಈಜುಡುಗೆಯೇ ಮೇಲು.

ಇನ್ನು ಬಹುತೇಕರು ಎಡವುವ ಹಂತಕ್ಕೆ ಬರೋಣ. ತೂಕ ಎಷ್ಟು ಬೇಕು ಎಂಬುದನ್ನು ಊಹೆಯಿಂದ ನಿರ್ಧರಿಸಬಾರದು. ದೋಣಿಯಲ್ಲಿ ಯಾರೋ ಕಣ್ಣಳತೆಯಲ್ಲೇ ಎತ್ತಿಕೊಟ್ಟ ಸೀಸದ ಪಟ್ಟಿಯನ್ನು ಕಟ್ಟಿಕೊಳ್ಳಬಾರದು. ಎಲ್ಲ ಸಲಕರಣೆ ತೊಟ್ಟು, ಕಾಲಿಗೆ ನೆಲ ಸಿಗದ ನೀರಿನಲ್ಲಿ, ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಕೊಡುವ ರೆಗ್ಯುಲೇಟರ್ ಬಾಯಲ್ಲಿಟ್ಟುಕೊಂಡು, ಜಾಕೆಟ್ಟಿನ ಗಾಳಿಯನ್ನು ಪೂರ್ತಿ ಹೊರಬಿಟ್ಟು, ಕೈಕಾಲು ಆಡಿಸದೆ, ಸಾಧಾರಣವಾದ ಒಂದು ಉಸಿರನ್ನು ಎಳೆದುಕೊಂಡು ನಿಲ್ಲಿ. ನೀರು ನಿಮ್ಮ ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲಬೇಕು. ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ಕಲ್ಲಿನಂತೆ ಇಳಿದುಹೋದರೆ ಒಂದು ಕಿಲೋ ತೆಗೆದು ಮತ್ತೆ ಪರೀಕ್ಷಿಸಿ. ಸಿಲಿಂಡರ್ ತುಂಬಿರುವಾಗ ಈ ಪರೀಕ್ಷೆ ಮಾಡಿದ್ದರೆ ಕೊನೆಯಲ್ಲಿ ಸುಮಾರು ಎರಡು ಕಿಲೋ ಸೇರಿಸಿ. ಏಕೆಂದರೆ 11 ಲೀಟರಿನ ಸಿಲಿಂಡರಿನಲ್ಲಿ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿಯುವಷ್ಟರಲ್ಲಿ ನೀವು ಉಸಿರಾಡಿ ಮುಗಿಸಿದ ಗಾಳಿಯ ತೂಕವೇ ಸುಮಾರು ಅಷ್ಟಿರುತ್ತದೆ.

ತೂಕ ಸರಿಯಾದ ಮೇಲೆ ಉಸಿರಿನ ಅಭ್ಯಾಸ. ನೀರಿನ ಮೇಲಿಂದ 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಎರಡು ಪಟ್ಟಾಗಿ, ಜಾಕೆಟ್ಟಿನಲ್ಲಿದ್ದ ಗಾಳಿ ಅರ್ಧ ಗಾತ್ರಕ್ಕೆ ಕುಗ್ಗುತ್ತದೆ. 20ರಿಂದ 30 ಮೀಟರಿಗೆ ಇಳಿಯುವಾಗ ಇಷ್ಟು ದೊಡ್ಡ ಬದಲಾವಣೆ ಆಗುವುದಿಲ್ಲ. ಆದ್ದರಿಂದ ಹವಳ ದಟ್ಟವಾಗಿರುವ ಐದಾರು ಮೀಟರ್ ಆಳದಲ್ಲೇ ಸಮತೋಲ ಕಾಯ್ದುಕೊಳ್ಳುವುದು ಹೆಚ್ಚು ಕಷ್ಟ. ಇಳಿಯುತ್ತ ಹೋದಂತೆ ಜಾಕೆಟ್ಟಿಗೆ ಗಾಳಿ ಬಿಡುವ ಗುಂಡಿಯನ್ನು ಅರೆಕ್ಷಣ ಒತ್ತಿ ಗಾಳಿ ತುಂಬಿ, ಅದರ ಪರಿಣಾಮಕ್ಕೆ ಕಾದು, ಬೇಕಿದ್ದರೆ ಮಾತ್ರ ಮತ್ತೆ ಒತ್ತಿ. ಸೂಕ್ಷ್ಮ ಹೊಂದಾಣಿಕೆಯನ್ನು ಶ್ವಾಸಕೋಶಕ್ಕೆ ಬಿಡಿ: ದೀರ್ಘವಾಗಿ ಎಳೆದುಕೊಂಡರೆ ಒಂದೆರಡು ಸೆಕೆಂಡಿನ ನಂತರ ಮೈ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಈ ಒಂದೆರಡು ಸೆಕೆಂಡು ಕಾಯದೆ ಗಾಬರಿಯಿಂದ ಗುಂಡಿ ಒತ್ತುವುದರಿಂದಲೇ ಜನ ಮೇಲಕ್ಕೂ ಕೆಳಕ್ಕೂ ತುಯ್ದಾಡುತ್ತಾರೆ. ಆದರೆ ಮೇಲೇರದಿರಲೆಂದೋ ಗಾಳಿ ಉಳಿಸಲೆಂದೋ ಆಳದಲ್ಲಿ ಉಸಿರು ಕಟ್ಟಬೇಡಿ; ಉಸಿರು ಕಟ್ಟಿಕೊಂಡು ಮೇಲೇರಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಪ್ರಾಣಕ್ಕೇ ಅಪಾಯ.

ಇದನ್ನು ಮರಳಿನ ತಳದ ಮೇಲೆ, ಅದನ್ನು ಮುಟ್ಟದೆ ತೇಲುತ್ತ, ಅಭ್ಯಾಸ ಮಾಡಿ. ಅಂಗಾತವಲ್ಲ, ಬೋರಲಾಗಿ ಅಡ್ಡಕ್ಕೆ ಮಲಗಿ, ಎರಡೂ ಕೈಗಳನ್ನು ಎದೆಯ ಮುಂದೆ ಹೆಣೆದುಕೊಂಡು, ಮಂಡಿ ಮಡಿಚಿ ಫಿನ್ನುಗಳನ್ನು ಮೈಮಟ್ಟಕ್ಕಿಂತ ಎತ್ತರದಲ್ಲಿಟ್ಟು, ಎದುರಿನ ಒಂದು ಕಲ್ಲಿಗೆ ದೃಷ್ಟಿ ನೆಟ್ಟು ಎರಡು ನಿಮಿಷ ಅಲುಗಾಡದೆ ನಿಲ್ಲಲು ಸಾಧ್ಯವಾದರೆ ನೀವು ಹವಳದ ಹತ್ತಿರ ಹೋಗಬಹುದು. ಮುಂದೆ ಸಾಗಲು ಕಪ್ಪೆಯಂತೆ ಕಾಲು ಬೀಸುವುದನ್ನೇ ರೂಢಿಸಿಕೊಳ್ಳಿ. ಆಗ ನೀರು ಹಿಂದಕ್ಕೆ ತಳ್ಳಲ್ಪಡುತ್ತದೆ, ಕೆಳಗಿನ ಮರಳು ಎದ್ದು ಹವಳದ ಮೇಲೆ ಕೂರುವುದಿಲ್ಲ. ಕೈಗವಸು ಬೇಡ, ಅದನ್ನು ತೊಟ್ಟ ಕೈ ಏನನ್ನಾದರೂ ಹಿಡಿಯಲು ಹೋಗುತ್ತದೆ. ಮೊದಲ 20 ಡೈವ್‌ಗಳಲ್ಲಿ ಕ್ಯಾಮೆರಾವೂ ಬೇಡ.

ಕಿವಿಯ ವಿಷಯದಲ್ಲಿ ಒಂದೇ ನಿಯಮ: ನೋವು ಬರುವ ಮೊದಲೇ, ಪ್ರತಿ ಮೀಟರಿಗೊಮ್ಮೆ, ಮೂಗು ಹಿಡಿದು ಮೆಲ್ಲಗೆ ಊದಿ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ, ಬಲ ಹಾಕಬೇಡಿ. ನೆಗಡಿಯಿದ್ದರೆ ಆ ದಿನ ಇಳಿಯಬೇಡಿ. ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ಆಳದಲ್ಲೇ ಮುಗಿದು, ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳಬಹುದು.

ಮೇಲೇರುವಾಗ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗ ಬೇಡ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ.

ಕೊನೆಯ ದಿನವನ್ನು ನೀರಿನಿಂದ ಹೊರಗೇ ಕಳೆಯಬೇಕು. ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕು. ನಾನಂತೂ ಪೂರ್ತಿ ಒಂದು ದಿನ ಬಿಡಿ ಎನ್ನುತ್ತೇನೆ. ಆ ಹೊತ್ತಿನಲ್ಲಿ ಮಾಸ್ಕನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ಹಾಕಿಕೊಳ್ಳಿ.