ಟರ್ಕಿಯಲ್ಲಿ ನಾವು ಊಟ ಹುಡುಕಿದ ಬಗೆ

ಟರ್ಕಿಗೆ ಹೊರಟವರು ಕೇಳಿದರೆ ನಾನು ಹೇಳುವುದು ಇಷ್ಟೇ. ದಿನದ ದೊಡ್ಡ ಊಟವನ್ನು ಮಧ್ಯಾಹ್ನವೇ ಮುಗಿಸಿ. ಹನ್ನೆರಡು ಗಂಟೆಗೆ ಯಾವುದಾದರೂ ಎಸ್ನಾಫ್ ಲೊಕಾಂತಾದ ಒಳಗಿರಿ. ರಾತ್ರಿಗೆ ಒಂದು ಸೂಪು, ಒಂದು ತುಂಡು ಬ್ರೆಡ್ಡು ಸಾಕು.

ಎಸ್ನಾಫ್ ಅಂದರೆ ಅಂಗಡಿಯವರು, ಕೈಕಸುಬಿನವರು. ಅವರು ದಿನಾ ಉಣ್ಣುವ ಜಾಗ ಈ ಲೊಕಾಂತಾ. ನಮ್ಮ ಕಡೆಯ ಖಾನಾವಳಿ ಇದ್ದ ಹಾಗೆ. ಬೆಳಗ್ಗೆ ಅಡುಗೆ ಮುಗಿಸಿ ಗಾಜಿನ ಹಿಂದೆ ದೊಡ್ಡ ದೊಡ್ಡ ಟ್ರೇಗಳಲ್ಲಿ ಇಟ್ಟಿರುತ್ತಾರೆ. ಕೆಳಗೆ ಬಿಸಿನೀರು, ಮೇಲೆ ಹಬೆ. ಮೆನು ಓದುವ ಗೋಜೇ ಇಲ್ಲ. ಬೇಕಾದ್ದರ ಕಡೆ ಬೆರಳು ತೋರಿಸಿದರೆ ಆಯಿತು. ಬದನೆಕಾಯಿ, ಬೀನ್ಸ್, ಕುರಿಮಾಂಸದ ಸಾರು, ತುಂಬಿದ ದೊಣ್ಣೆಮೆಣಸಿನಕಾಯಿ, ಪಾಲಕ್, ಅನ್ನ ಎಲ್ಲ ಕಣ್ಣೆದುರೇ ಇರುತ್ತದೆ. ಆದರೆ ಮಾಡಿದ್ದು ಅಷ್ಟೇ, ಮತ್ತೆ ಮಾಡುವುದಿಲ್ಲ. ಎರಡು ಗಂಟೆ ದಾಟಿದರೆ ಒಳ್ಳೆಯ ಟ್ರೇಗಳೆಲ್ಲ ತಳ ಕಂಡಿರುತ್ತವೆ. ಭಾನುವಾರ ಇಂಥ ಎಷ್ಟೋ ಜಾಗಗಳ ಬಾಗಿಲು ಮುಚ್ಚಿರುತ್ತದೆ. ರಂಜಾನ್ ತಿಂಗಳಲ್ಲಂತೂ ಹಗಲು ಹೊತ್ತು ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಹುಡುಕುವುದು ಹೇಗೆ ಅಂತೀರಾ? ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಕಡೆ ಓಡಾಡಿದರೆ ಪ್ರತಿ ಹೋಟೆಲಿನ ಮುಂದೆ ಒಬ್ಬ ನಿಂತು ಕೈಹಿಡಿದು ಎಳೆಯುವುದೊಂದನ್ನು ಬಿಟ್ಟು ಎಲ್ಲ ರೀತಿಯಲ್ಲೂ ಕರೆಯುತ್ತಾನೆ. ನಾಲ್ಕು ಭಾಷೆಯ ಮೆನು, ಪ್ರತಿ ತಿನಿಸಿಗೂ ಒಂದು ಫೋಟೋ. ಅಲ್ಲಿ ನಾನು ನಿಲ್ಲುವುದಿಲ್ಲ. ಗ್ರ್ಯಾಂಡ್ ಬಜಾರಿನ ಹಿಂದಿನ ಓಣಿಗಳಿಗೆ ಹೋಗಿ ಊಟದ ಹೊತ್ತಿಗೆ ಅಂಗಡಿಯ ಹುಡುಗರು ಎತ್ತ ನಡೆಯುತ್ತಾರೆ ನೋಡುತ್ತೇನೆ. ಅವರ ಹಿಂದೆಯೇ ಹೋಗುವುದು. ಕರೆಯುವವನಿಲ್ಲದ ಕಡೆಯೇ ಸಾಲು ಇರುತ್ತದೆ, ಅಲ್ವಾ?

ಇನ್ನೊಂದು ಮಾತು ಕಲಿತರೆ ಊಟ ಇನ್ನೂ ಸಲೀಸು. 'ಆಜ್' ಅಂದರೆ ಸ್ವಲ್ಪ. 'ಆಜ್ ಪಿಲಾವ್' ಅಂದರೆ ಅರ್ಧದ ಆಸುಪಾಸು ಅನ್ನ ಹಾಕಿ, ಅದಕ್ಕೆ ತಕ್ಕಂತೆ ದುಡ್ಡು ಕಡಿಮೆ ಮಾಡುತ್ತಾರೆ. ಎರಡು ಮೂರು ಬಗೆ ರುಚಿ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬ್ರೆಡ್ಡಿನ ಬುಟ್ಟಿ ಟೇಬಲ್ಲಿನ ಮೇಲೇ ಇರುತ್ತದೆ. ಸಾರು ತಟ್ಟೆಯಲ್ಲಿ ಉಳಿದರೆ ಆ ಬ್ರೆಡ್ಡಿನಿಂದ ಒರೆಸಿ ತಿನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ.

ನನ್ನ ಹೆಂಡತಿ ಪಕ್ಕಾ ಸಸ್ಯಾಹಾರಿ. ನಾನು ಎಲ್ಲಾ ತಿನ್ನುತ್ತೇನೆ. ಹಾಗಾಗಿ ನಮ್ಮ ಹುಡುಕಾಟ ಸ್ವಲ್ಪ ಬೇರೆ ಥರ. "ರೀ, ಇದ್ರಲ್ಲಿ ಮಾಂಸ ಇಲ್ವಾ, ಕೇಳಿ" ಅನ್ನುವುದು ಪ್ರತಿ ಗಾಜಿನ ಮುಂದೆಯೂ ಇದ್ದದ್ದೇ. 'ಎತ್ಸಿಜ್' ಅಂದರೆ ಮಾಂಸ ಇಲ್ಲದ್ದು. ಆದರೆ ಅಷ್ಟು ಕೇಳಿದರೆ ಸಾಲದು. ಮಾಂಸದ ತುಂಡು ಇಲ್ಲದಿದ್ದರೂ ಮಾಂಸ ಬೇಯಿಸಿದ ನೀರು ಹಾಕಿರಬಹುದು. ಅದಕ್ಕೆ 'ಎತ್ ಸುಯು' ಅನ್ನುತ್ತಾರೆ. ಅನ್ನಕ್ಕೆ, ಸೂಪಿಗೆ, ಬೀನ್ಸಿಗೆ ಇದನ್ನು ಹಾಕುವುದುಂಟು. ಹಾಗಾಗಿ ಅದನ್ನೂ ಬಿಡಿಸಿ ಕೇಳಬೇಕು.

ನಿಶ್ಚಿಂತೆಯಿಂದ ತಿನ್ನಬೇಕಾದರೆ ಝೇಯ್ತಿನ್‌ಯಾಲಿ ಅನ್ನುವ ಸಾಲನ್ನು ನೋಡಿ. ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಆರಿಸಿ, ತಣ್ಣಗೇ ಬಡಿಸುತ್ತಾರೆ. ಏಜಿಯನ್ ಕರಾವಳಿಯ ಕಡೆ ಇದರದ್ದೇ ರಾಜ್ಯಭಾರ. ಹಸಿ ಬೀನ್ಸ್, ಆರ್ಟಿಚೋಕ್, ಈರುಳ್ಳಿ-ಟೊಮ್ಯಾಟೊ ತುಂಬಿದ ಬದನೆಕಾಯಿ (ಇಮಾಮ್ ಬಯಿಲ್ದಿ) ಎಲ್ಲಾ ಇದೇ ಜಾತಿ. ಮೊದಲ ತುತ್ತಿಗೆ "ತಣ್ಣಗಿದೆಯಲ್ಲಾ" ಅನಿಸುತ್ತದೆ. ಆಮೇಲೆ ಬೀನ್ಸಿನ ಸಿಹಿ, ಎಣ್ಣೆಯ ಘಮ ಬಾಯಿಗೆ ಹತ್ತುತ್ತದೆ. ದ್ರಾಕ್ಷಿ ಎಲೆಯ ಸುರುಳಿಯಲ್ಲೂ ಎರಡು ಬಗೆ. ಬಿಸಿಯಾಗಿ, ಮೇಲೆ ಮೊಸರು ಹಾಕಿ ಕೊಟ್ಟರೆ ಸಾಮಾನ್ಯವಾಗಿ ಒಳಗೆ ಕೈಮಾ ಇರುತ್ತದೆ. ತಣ್ಣಗೆ, ನಿಂಬೆಹಣ್ಣಿನ ಹೋಳಿನ ಜೊತೆ ಬಂದರೆ ಒಳಗೆ ಅಕ್ಕಿ ಮತ್ತು ಮಸಾಲೆ, ಕೆಲವು ಕಡೆ ಒಣದ್ರಾಕ್ಷಿಯೂ ಇರುತ್ತದೆ.

ಸಿಹಿಯಲ್ಲೂ ಎಚ್ಚರ ಬೇಕು. 'ತಾವುಕ್ ಗೊಯ್ಸು' ಅನ್ನುವ ಬಿಳಿ ಹಾಲಿನ ಪುಡಿಂಗ್ ನೋಡೋಕೆ ಎಷ್ಟು ಸಾಧು! ಸಾಂಪ್ರದಾಯಿಕವಾಗಿ ಅದಕ್ಕೆ ಕೋಳಿಯ ಎದೆಮಾಂಸವನ್ನು ನೂಲಿನಷ್ಟು ಸಣ್ಣಗೆ ಬಿಡಿಸಿ ಹಾಕುತ್ತಾರೆ. ತಳ ಕಂದಿಸಿದ ಕಜಾನ್‌ದಿಬಿಯಲ್ಲೂ ಅದು ಇರಬಹುದು. ಸಸ್ಯಾಹಾರಿಗಳು ಸುತ್ಲಾಚ್ ತಿನ್ನಿ. ಅದು ಅಕ್ಕಿ ಪಾಯಸವನ್ನು ಮಣ್ಣಿನ ಬಟ್ಟಲಲ್ಲಿ ಹಾಕಿ ಒಲೆಯಲ್ಲಿ ಮೇಲ್ಮೈ ಕಪ್ಪಾಗುವಷ್ಟು ಸುಟ್ಟದ್ದು. ಆ ಸುಟ್ಟ ಕೆನೆಗೆ ನಮ್ಮಿಬ್ಬರಲ್ಲಿ ಜಗಳವೇ ಆಗುತ್ತಿತ್ತು.

ಇಸ್ತಾಂಬುಲ್‌ನಲ್ಲಿ ಮೊದಲು ಎಲ್ಲಿಗೆ ಹೋಗಲಿ ಅಂದರೆ ಸುಲೇಮಾನಿಯೆ ಮಸೀದಿಯ ಎದುರಿನ ಸಾಲಿಗೆ ಕಳಿಸುತ್ತೇನೆ. ಅಲ್ಲಿ ಪಕ್ಕಪಕ್ಕದಲ್ಲೇ ಇರುವ ಹೋಟೆಲುಗಳ ಹೆಸರುವಾಸಿ ತಿನಿಸು ಒಂದೇ, ಕುರು ಫಸುಲ್ಯೆ. ಒಣಗಿದ ಬಿಳಿ ಬೀನ್ಸನ್ನು ಟೊಮ್ಯಾಟೊ, ಈರುಳ್ಳಿ, ಬೆಣ್ಣೆ ಜೊತೆ ಹೊತ್ತುಗಟ್ಟಲೆ ಬೇಯಿಸುವುದು. ನಾನು ಕೂತ ಕಡೆ ಬಡಿಸುವವನು ಸೌಟನ್ನು ತಳಕ್ಕೆ ಇಳಿಸಿ, ಕಾಳು ಒಡೆಯದ ಹಾಗೆ ಮೆಲ್ಲಗೆ ಎತ್ತಿ, ಅಂಚಿಗೆ ಒಮ್ಮೆ ತಾಗಿಸಿ ಹೆಚ್ಚಿನ ಎಣ್ಣೆ ಬಸಿದು ತಟ್ಟೆಗೆ ಸುರಿದ. ಕಾಳು ಇಡಿಯಾಗಿತ್ತು. ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ಕರಗಿತು. ಜೊತೆಗೆ ಪಿಲಾವ್, ತುರ್ಶು ಅನ್ನುವ ಉಪ್ಪಿನಕಾಯಿ, ಒಂದು ಲೋಟ ಐರಾನ್. ಐರಾನ್ ಅಂದರೆ ಉಪ್ಪು ಹಾಕಿದ ಮಜ್ಜಿಗೆ, ಒಗ್ಗರಣೆ ಮಾತ್ರ ಇಲ್ಲ. ಅಲ್ಲೂ ಬೀನ್ಸಿಗೆ ಮಾಂಸ ಹಾಕಿದ್ದಾರಾ ಕೇಳಿಯೇ ತಗೊಳ್ಳಿ.

ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ವೆಫಾ ಬೊಜಾಜಿಸಿ ಇದೆ. 1876ರಿಂದ ಇರುವ ಅಂಗಡಿ. ಬೊಜಾ ಅಂದರೆ ಸಿರಿಧಾನ್ಯವನ್ನು ಹುಳಿ ಬರಿಸಿ ಮಾಡುವ ಗಟ್ಟಿ ಪಾನೀಯ. ಚಮಚದಲ್ಲೇ ತಿನ್ನಬಹುದು. ಮೇಲೆ ದಾಲ್ಚಿನ್ನಿ ಪುಡಿ, ಹುರಿದ ಕಡಲೆ. ಕಡಲೆಯನ್ನು ಎದುರಿನ ಅಂಗಡಿಯಿಂದ ಕೊಂಡು ತರುವುದು ವಾಡಿಕೆ. ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ಕುಡಿದ ಲೋಟವನ್ನು ಅಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ಹುಳಿ ಬಂದದ್ದಾದ್ದರಿಂದ ಬೊಜಾದಲ್ಲಿ ಅತ್ಯಲ್ಪ ಆಲ್ಕೋಹಾಲ್ ಇರುತ್ತದೆ, ಬೇಡದವರು ಬಿಡಿ.

ಇನ್ನೊಂದು ದಿನ ಯುರೋಪ್ ಕಡೆಯ ಎಮಿನೊನುವಿನಿಂದ ದೋಣಿ ಹತ್ತಿ ಏಷ್ಯಾ ಕಡೆಯ ಕಡಿಕೊಯ್‌ಗೆ ಹೋಗಿ. ಇಳಿದು ಸ್ವಲ್ಪ ನಡೆದರೆ ಮಾರುಕಟ್ಟೆ. ಆಲಿವ್, ಚೀಸ್, ಮೀನು, ಉಪ್ಪಿನಕಾಯಿ ಅಂಗಡಿಗಳ ನಡುವೆ ಚಿಯಾ ಸೊಫ್ರಾಸಿ ಇದೆ. ಗಾಜಿಯಾಂತೆಪ್ ಪ್ರಾಂತದ ನಿಜಿಪ್‌ನ ಮೂಸಾ ದಾವ್‌ದೆವಿರೆನ್ ಅವರು ಶುರುಮಾಡಿದ್ದು. ಟರ್ಕಿಯ ಏಷ್ಯಾ ಭಾಗವಾದ ಅನಾತೋಲಿಯಾದ ಹಳ್ಳಿಗಳಲ್ಲಿ ಮರೆಯಾಗುತ್ತಿದ್ದ ಅಡುಗೆಗಳನ್ನು ಹುಡುಕಿ ತಂದು ಮಾಡುವುದಕ್ಕೇ ಅವರು ಹೆಸರಾದವರು. ಋತು ಬದಲಾದರೆ ಅಡುಗೆಯೂ ಬದಲು. ಹುಳಿ ಚೆರ್ರಿ ಹಾಕಿದ ಮಾಂಸದ ತಿನಿಸು, ಕಾಡುಸೊಪ್ಪು, ಸಕ್ಕರೆ ಪಾಕದಲ್ಲಿ ಹಾಕಿದ ಆಲಿವ್ ಕಾಯಿ, ಟೊಮ್ಯಾಟೊ ಕೂಡ ಸಿಗುತ್ತದೆ. ಹೆಸರಾದ ಜಾಗ, ಪ್ರವಾಸಿಗರೂ ಇರುತ್ತಾರೆ. ಆದರೂ ಹೋಗಲೇಬೇಕು. ನನ್ನ ಲೆಕ್ಕದಲ್ಲಿ ಇಡೀ ನಗರದಲ್ಲಿ ಒಂದೇ ಊಟ ಅಂದರೆ ಅದು ಇಲ್ಲಿ. ಅದೇ ಏಷ್ಯಾ ಕಡೆಯ ಉಸ್ಕುದಾರ್‌ನಲ್ಲಿ 1933ರ ಕನಾಅತ್ ಲೊಕಾಂತಾಸಿ ಇದೆ. ಹಳೇ ಕಾಲದ ಅಡುಗೆ ಬೇಕೆನ್ನುವವರಿಗೆ ಅದೂ ಒಳ್ಳೆಯದೇ.

ಕಬಾಬಿನ ವಿಷಯ ಬಂದರೆ ನಾನು ಸ್ವಲ್ಪ ಹಟವಾದಿ. ಆಯಾ ಕಬಾಬನ್ನು ಆಯಾ ಊರಲ್ಲೇ ತಿನ್ನಬೇಕು. ಇಸ್ಕೆಂದರ್ ಬುರ್ಸಾದ್ದು. ಪಿದೆ ಬ್ರೆಡ್ಡಿನ ತುಂಡುಗಳ ಮೇಲೆ ತೆಳ್ಳಗೆ ಕತ್ತರಿಸಿದ ಮಾಂಸ, ಟೊಮ್ಯಾಟೊ ಸಾಸ್, ಪಕ್ಕದಲ್ಲಿ ಮೊಸರು. ಕೊನೆಗೆ ಟೇಬಲ್ಲಿಗೇ ಬಂದು ಚುಂಯ್ ಅನ್ನುವ ಬೆಣ್ಣೆ ಸುರಿಯುತ್ತಾರೆ. ಖಾರದ ಕೈಮಾ ಕಬಾಬಿಗೆ ಅದಾನಾ.

ತಿನ್ನುವುದಕ್ಕೆಂದೇ ಒಂದು ಊರಿಗೆ ಹೋಗುವುದಾದರೆ ಗಾಜಿಯಾಂತೆಪ್. 2015ರಲ್ಲಿ ಯುನೆಸ್ಕೋ ಇದನ್ನು ಅಡುಗೆಯ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. ಇಲ್ಲಿ ಬೆಳಗ್ಗೆಯೇ ಬೆಯ್ರಾನ್ ಕುಡಿಯುತ್ತಾರೆ. ಕುರಿಮಾಂಸ, ಅನ್ನ, ಬೆಳ್ಳುಳ್ಳಿ, ಕೆಂಪು ಮೆಣಸಿನ ಕುದಿಯುವ ಸೂಪು. ಬೆಳಗಿನ ಹೊತ್ತು ಇದೆಲ್ಲಾ ಯಾಕೆ ಅಂದುಕೊಂಡೇ ಕೂತೆ, ಬಟ್ಟಲು ಖಾಲಿ ಮಾಡಿಯೇ ಎದ್ದೆ. ಹೆಂಡತಿ ಕಾತ್‌ಮೆರ್ ತಿಂದಳು. ಆಚೆ ಬದಿ ಕಾಣುವಷ್ಟು ತೆಳ್ಳಗೆ ಎಳೆದ ಹಿಟ್ಟಿನೊಳಗೆ ಪಿಸ್ತಾ ಮತ್ತು ಕೈಮಾಕ್ ಎಂಬ ಗಟ್ಟಿ ಕೆನೆ ಇಟ್ಟು ಮಡಚಿ ಸುಟ್ಟದ್ದು. ಅದು ತಿಂಡಿಯೋ ಸಿಹಿಯೋ ಅಂತ ಕೇಳಬೇಡಿ.

ತೆಳು ಪದರಗಳಿಗೆ ಪಾಕ ಹಾಕಿದ ಸಿಹಿ, ಬಕ್ಲಾವಾಕ್ಕೂ ಈ ಊರು ಹೆಸರುವಾಸಿ. ಆಂತೆಪ್ (ಅಂದರೆ ಗಾಜಿಯಾಂತೆಪ್) ಬಕ್ಲಾವಾಕ್ಕೆ 2013ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತು ಸಿಕ್ಕಿತು. ಅಂಗಡಿಯಲ್ಲಿ ತೂಕದ ಮೇಲೆ ಕೊಡುತ್ತಾರೆ. ಕಾಲು ಕಿಲೋ ಇಬ್ಬರಿಗೆ ಧಾರಾಳ. ಫೋರ್ಕ್ ಚುಚ್ಚಿದಾಗ ಪದರ ಗರಿಗರಿ ಸದ್ದು ಮಾಡಬೇಕು, ತಟ್ಟೆಯ ತಳದಲ್ಲಿ ಪಾಕ ನಿಲ್ಲಬಾರದು. ಊರಿಗೆ ತರುವುದಾದರೆ 'ಕುರು ಬಕ್ಲಾವಾ' ಕೇಳಿ. ಪಾಕ ಕಡಿಮೆ, ಜಾಸ್ತಿ ದಿನ ಇರುತ್ತದೆ. ಮನೆಗೆ ತಂದ ಮೇಲೆ ಫ್ರಿಜ್ಜಿಗೆ ಹಾಕಬೇಡಿ, ಬೆಣ್ಣೆ ಗಟ್ಟಿಯಾಗಿ ಪದರ ಮೆತ್ತಗಾಗುತ್ತದೆ.